ಎರವಲು ಎಂಜಿನ್, ಸ್ವಂತ ಆಕಾಶ

2025ರ ಫೆಬ್ರುವರಿಯಲ್ಲಿ ಯಲಹಂಕದ ವಾಯುನೆಲೆಗೆ ಹೋದವರಿಗೆ ಅಪರೂಪದ ನೋಟವೊಂದು ಸಿಕ್ಕಿತು. ಏರೋ ಇಂಡಿಯಾದ ಇತಿಹಾಸದಲ್ಲಿ ಮೊದಲ ಸಲ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಒಂದೇ ಪ್ರದರ್ಶನಕ್ಕೆ ಬಂದಿದ್ದವು. ಭಾರತದ ಎಎಂಸಿಎ ವಿಮಾನದ ಪೂರ್ಣ ಗಾತ್ರದ ಮಾದರಿಯೂ ಅಲ್ಲೇ ಇತ್ತು. ಓರೆಯಾಗಿ ನಿಂತ ಜೋಡಿ ಬಾಲರೆಕ್ಕೆ, ಮಡಿಕೆ ಮಡಿಕೆಯಾದ ಮೈ, ಹೊಟ್ಟೆಯೊಳಗೆ ಕ್ಷಿಪಣಿ ಅಡಗಿಸಿಡುವ ಜಾಗ. ದೂರದಿಂದ ನೋಡಿದವರಿಗೆ ಮೂರರಲ್ಲೂ ಹೋಲಿಕೆ ಕಾಣುತ್ತದೆ. ಆದರೆ ಅಮೆರಿಕದ್ದು 2006ರಲ್ಲಿ ಮೊದಲು ಹಾರಿತ್ತು, ರಷ್ಯಾದ್ದು 2010ರಲ್ಲಿ. ನಮ್ಮದು ಇನ್ನೂ ಹಾರಬೇಕಿದೆ.

ಎಲ್ಲ ದೇಶಗಳ ಎಂಜಿನಿಯರುಗಳಿಗೂ ಒಂದೇ ಗಾಳಿ, ಒಂದೇ ಭೌತಶಾಸ್ತ್ರ. ಹಾಗಿದ್ದೂ ಒಂದು ದೇಶ ಹತ್ತು ವರ್ಷದಲ್ಲಿ ಮುಗಿಸುವ ಕೆಲಸ ಇನ್ನೊಂದಕ್ಕೆ ಮೂವತ್ತು ವರ್ಷ ಹಿಡಿಯುವುದೇಕೆ? ಈ ಪ್ರಶ್ನೆಯನ್ನು ರೆಕ್ಕೆಯ ಆಕಾರದಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ದೇಶದ ಭೂಗೋಳ, ಅದರ ಹಳೆಯ ಅವಮಾನಗಳು, ದುಡ್ಡು ಕೊಡುವವರ ತಾಳ್ಮೆ, ಇವುಗಳಲ್ಲಿ ಹುಡುಕಬೇಕು.

ಮೊದಲು, ಯುದ್ಧವಿಮಾನಗಳನ್ನು ವಿಂಗಡಿಸುವ ‘ತಲೆಮಾರು’ ಎಂದರೇನು ಎಂಬುದನ್ನು ನೋಡೋಣ. ಐದನೇ ತಲೆಮಾರಿನ ವಿಮಾನವೆಂದರೆ ರಡಾರ್‌ಗೆ ಸುಲಭಕ್ಕೆ ಸಿಕ್ಕದ, ಅಂದರೆ ಸ್ಟೆಲ್ತ್ ಗುಣದ ವಿಮಾನ. ಶಸ್ತ್ರಗಳನ್ನು ಒಡಲೊಳಗೆ ಇಟ್ಟುಕೊಳ್ಳುತ್ತದೆ, ಹತ್ತಾರು ಸಂವೇದಕಗಳ ಮಾಹಿತಿಯನ್ನು ಒಂದೇ ಚಿತ್ರವಾಗಿಸಿ ಪೈಲಟ್‌ ಮುಂದೆ ಇಡುತ್ತದೆ. ಆರನೇ ತಲೆಮಾರಿಗೆ ಎಲ್ಲರೂ ಒಪ್ಪಿದ ವ್ಯಾಖ್ಯೆ ಇಲ್ಲ. ಬಾಲರೆಕ್ಕೆಯೇ ಇಲ್ಲದ ಮೈ, ಇನ್ನೂ ದೂರ ಹಾರುವ ಶಕ್ತಿ, ರಡಾರ್ ಮತ್ತು ಕಂಪ್ಯೂಟರುಗಳಿಗೆ ಹೇರಳವಾಗಿ ವಿದ್ಯುತ್ ಒದಗಿಸುವ ಎಂಜಿನ್, ಜೊತೆಯಲ್ಲಿ ಹಾರುವ ಪೈಲಟ್‌ರಹಿತ ವಿಮಾನಗಳ ತಂಡ, ಇಷ್ಟು ಲಕ್ಷಣಗಳನ್ನು ಹೆಚ್ಚಿನವರು ಹೇಳುತ್ತಾರೆ. ಯಾವ ಲಕ್ಷಣಕ್ಕೆ ಎಷ್ಟು ಒತ್ತು ಎಂಬಲ್ಲಿಂದಲೇ ದೇಶಗಳ ದಾರಿ ಬೇರೆಯಾಗುತ್ತದೆ.

ಅಮೆರಿಕದ ಚಿಂತೆ ದೂರದ್ದು. ಗುವಾಮ್ ದ್ವೀಪದ ನೆಲೆಯಿಂದ ತೈವಾನ್‌ಗೆ ಸುಮಾರು 2,700 ಕಿಲೋಮೀಟರ್. ಯುರೋಪಿನ ಯುದ್ಧಭೂಮಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಎಫ್-22 ಅಷ್ಟು ದೂರ ಹೋಗಿ ಹೋರಾಡಿ ಬರಬೇಕಾದರೆ ನಡುದಾರಿಯಲ್ಲಿ ಇಂಧನ ಟ್ಯಾಂಕರ್ ವಿಮಾನ ಬೇಕೇ ಬೇಕು. ಆ ಟ್ಯಾಂಕರನ್ನೇ ಹೊಡೆದುಹಾಕಬಲ್ಲ ದೂರಗಾಮಿ ಕ್ಷಿಪಣಿಗಳು ಈಗ ಚೀನಾದ ಬಳಿ ಇವೆ. 2025ರ ಮಾರ್ಚ್ 21ರಂದು ಶ್ವೇತಭವನದಲ್ಲಿ ಘೋಷಣೆಯಾದ, ಬೋಯಿಂಗ್ ಕಟ್ಟಲಿರುವ ಎಫ್-47 ಹುಟ್ಟಿದ್ದು ಈ ಭೂಪಟದ ಒತ್ತಡದಿಂದ. ಇಂಧನ ತುಂಬಿಕೊಳ್ಳದೆ 1,000 ನಾಟಿಕಲ್ ಮೈಲಿಗೂ ಆಚೆ, ಅಂದರೆ 1,850 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಕಾದಾಡಿ ಮರಳುವುದು ಅದರ ಗುರಿ ಎಂದು ಅಲ್ಲಿನ ವಾಯುಪಡೆ ಹೇಳಿದೆ.

ಹಾಗೆಂದು ಅಮೆರಿಕದ ದಾರಿ ಸಲೀಸಾಗಿರಲಿಲ್ಲ. ಒಂದು ವಿಮಾನಕ್ಕೆ ಸುಮಾರು 30 ಕೋಟಿ ಡಾಲರ್ ತಗುಲಬಹುದೆಂಬ ಅಂದಾಜು ಕಂಡು 2024ರಲ್ಲಿ ವಾಯುಪಡೆ ಕಾರ್ಯದರ್ಶಿ ಫ್ರಾಂಕ್ ಕೆಂಡಾಲ್ ಇಡೀ ಯೋಜನೆಯನ್ನೇ ತಡೆಹಿಡಿದಿದ್ದರು. ಅದಕ್ಕೂ ಹಿಂದೆ ಎಫ್-35ರ ಕಹಿ ಅನುಭವವಿತ್ತು. ಪರೀಕ್ಷೆ ಮುಗಿಯುವ ಮೊದಲೇ ಉತ್ಪಾದನೆ ಆರಂಭಿಸಿ, ತಯಾರಾದ ವಿಮಾನಗಳನ್ನು ಮತ್ತೆ ಬಿಚ್ಚಿ ಸರಿಪಡಿಸುವ ಪಾಡು ಬಂದಿತ್ತು. ಆದರೂ ಆ ದೇಶದ ಒಂದು ಪದ್ಧತಿ ಬೆಲೆಯುಳ್ಳದ್ದು. ಅಲ್ಲಿ ಕಾಗದದ ಮೇಲಿನ ವಿನ್ಯಾಸಕ್ಕೆ ಬಹುಮಾನವಿಲ್ಲ, ಹಾರಿಸಿ ತೋರಿಸಬೇಕು. ಎಫ್-22ರ ಆಯ್ಕೆಗೆ ಮುನ್ನ ವೈಎಫ್-22 ಮತ್ತು ವೈಎಫ್-23 1990ರಲ್ಲಿ ಎದುರುಬದುರಾಗಿ ಹಾರಿದವು. ಎಫ್-35ರ ಆಯ್ಕೆಗೂ ಮುನ್ನ ಬೋಯಿಂಗ್ ಮತ್ತು ಲಾಕ್‌ಹೀಡ್ ಮಾರ್ಟಿನ್ ತಮ್ಮ ತಮ್ಮ ಮಾದರಿಗಳನ್ನು ಹಾರಿಸಿದ್ದವು. ಸೋತ ಕಂಪನಿಯ ಜ್ಞಾನವೂ ದೇಶದೊಳಗೇ ಉಳಿಯಿತು. ಕಾಲು ಶತಮಾನದ ಹಿಂದೆ ಸೋತ ಬೋಯಿಂಗ್ ಈಗ ಗೆದ್ದಿದೆ.

ಚೀನಾದಲ್ಲಿ ಘೋಷಣೆಯೇ ಇಲ್ಲ. 2024ರ ಡಿಸೆಂಬರ್ 26, ಮಾವೊ ಹುಟ್ಟಿದ ದಿನ. ಅಂದು ಚೆಂಗ್ಡು ನಗರದ ಮೇಲೆ ಬಾಲವಿಲ್ಲದ, ಮೂರು ಎಂಜಿನ್ನಿನ ಭಾರಿ ವಿಮಾನವೊಂದು ಹಾರುವುದನ್ನು ಜನ ತಮ್ಮ ಮೊಬೈಲ್‌ಗಳಲ್ಲಿ ಸೆರೆಹಿಡಿದರು. ಹೊರಗಿನವರು ಅದನ್ನು ಜೆ-36 ಎಂದು ಕರೆಯುತ್ತಿದ್ದಾರೆ, ಸರ್ಕಾರ ಹೆಸರಿಟ್ಟಿಲ್ಲ. ಅದೇ ಹೊತ್ತಿಗೆ ಶೆನ್ಯಾಂಗ್ ಕಂಪನಿಯ ಇನ್ನೊಂದು ಬಾಲರಹಿತ ವಿಮಾನದ ಚಿತ್ರಗಳೂ ಹೊರಬಿದ್ದವು. ಎರಡು ಸರ್ಕಾರಿ ಸಂಸ್ಥೆಗಳನ್ನು ಒಂದರ ಎದುರು ಒಂದು ನಿಲ್ಲಿಸಿ ಕೆಲಸ ತೆಗೆಯುವುದು ಚೀನಾ ಕಂಡುಕೊಂಡ ಉಪಾಯ. ನಮ್ಮಲ್ಲಿ ಸರ್ಕಾರಿ ವಲಯವೆಂದರೆ ಪೈಪೋಟಿ ಇಲ್ಲದ ವಲಯವೆಂದೇ ಅರ್ಥ ಮಾಡಿಕೊಂಡಿದ್ದೇವೆ. ಹಾಗಿರಬೇಕಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಚೀನಾದ ಹಿಂದಿನ ಸ್ಟೆಲ್ತ್ ವಿಮಾನ ಜೆ-20ರ ಕಥೆ. ಅದು 2011ರ ಜನವರಿ 11ರಂದು, ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿದ್ದಾಗಲೇ ಹಾರಿ ಜಗತ್ತನ್ನು ಬೆಚ್ಚಿಬೀಳಿಸಿತು. ಸೇವೆಗೆ ಬಂದ ಮೊದಲ ತಂಡದ ಜೆ-20ಗಳ ಒಡಲಲ್ಲಿದ್ದದ್ದು ರಷ್ಯಾದ ಎಎಲ್-31 ಎಂಜಿನ್. ಸ್ವಂತ ಎಂಜಿನ್ ಸಿದ್ಧವಾಗಲಿ ಎಂದು ಚೀನಾ ವಿಮಾನವನ್ನು ಕಾಯಿಸಲಿಲ್ಲ. ವಿಮಾನ ಹಾರುತ್ತಿದೆಯಲ್ಲ ಎಂದು ಎಂಜಿನ್ನಿನ ಕೆಲಸವನ್ನು ಬಿಡಲೂ ಇಲ್ಲ. ಆಮೇಲಿನ ತಂಡಗಳಿಗೆ ತನ್ನದೇ ಡಬ್ಲ್ಯುಎಸ್-10 ಕೂರಿಸಿತು, ಅದರ ಹಿಂದೆಯೇ ಡಬ್ಲ್ಯುಎಸ್-15 ಬಂತು. ನಡುವೆ 2016ರಲ್ಲಿ ಎಂಜಿನ್ ಕೆಲಸವನ್ನೆಲ್ಲ ವಿಮಾನ ಕಟ್ಟುವ ಸಂಸ್ಥೆಯಿಂದ ಬಿಡಿಸಿ, ಪ್ರತ್ಯೇಕ ಬಂಡವಾಳ ಹಾಕಿ, ಎಂಜಿನ್ನಿಗೆಂದೇ ಬೇರೊಂದು ರಾಷ್ಟ್ರೀಯ ನಿಗಮ ಸ್ಥಾಪಿಸಿತು. ಜೆ-36ರ ಚಿತ್ರಗಳನ್ನು ನೋಡಿ ಬೆರಗಾದವರು ಈ ಆಡಳಿತಾತ್ಮಕ ತೀರ್ಮಾನವನ್ನು ಗಮನಿಸಿದ್ದು ಕಡಿಮೆ. ನನಗೆ ಆ ವಿಮಾನಕ್ಕಿಂತ ಈ ತೀರ್ಮಾನವೇ ದೊಡ್ಡದಾಗಿ ಕಾಣುತ್ತದೆ.

ಯುರೋಪಿಗೆ ಬಂದರೆ ದುಡ್ಡಿದೆ, ಜ್ಞಾನವಿದೆ, ಒಮ್ಮತವಿಲ್ಲ. ಫ್ರಾನ್ಸ್ ಮತ್ತು ಜರ್ಮನಿ 2017ರಲ್ಲಿ ಜಂಟಿ ಯುದ್ಧವಿಮಾನದ ಯೋಜನೆ ಪ್ರಕಟಿಸಿದವು. 2019ರಲ್ಲಿ ಸ್ಪೇನ್ ಸೇರಿಕೊಂಡಿತು. ಫ್ರಾನ್ಸಿಗೆ ವಿಮಾನವಾಹಕ ನೌಕೆಯ ಮೇಲೆ ಇಳಿಯಬಲ್ಲ, ತನ್ನ ಅಣ್ವಸ್ತ್ರ ಹೊರಬಲ್ಲ ವಿಮಾನ ಬೇಕು. ಜರ್ಮನಿಗೆ ವಿಮಾನವಾಹಕ ನೌಕೆ ಇಲ್ಲ. ನ್ಯಾಟೊ ಕೂಟದಲ್ಲಿ ಅಮೆರಿಕದ ಅಣುಬಾಂಬ್ ಹೊರುವ ಹೊಣೆಗಾಗಿ ಅದು 2022ರಲ್ಲಿ 35 ಎಫ್-35 ಖರೀದಿಸಲು ಮುಂದಾಯಿತು. ವಿನ್ಯಾಸದ ಮುಂದಾಳತ್ವ ತನ್ನದಾಗಬೇಕೆಂದು ಫ್ರಾನ್ಸಿನ ಡಸಾಲ್ಟ್ ಪಟ್ಟು ಹಿಡಿದಿದೆ, ಸಮಪಾಲು ಬೇಕೆಂದು ಜರ್ಮನಿ ಮತ್ತು ಸ್ಪೇನಿನ ಪರವಾಗಿ ನಿಂತ ಏರ್‌ಬಸ್ ಕೇಳುತ್ತಿದೆ. 2025ರಲ್ಲಿ ಈ ಜಗಳ ಬಹಿರಂಗಕ್ಕೇ ಬಂತು.

ಇದರ ಬೇರು 1985ರಲ್ಲಿದೆ. ಆ ವರ್ಷ ಫ್ರಾನ್ಸ್, ಮುಂದೆ ಯೂರೋಫೈಟರ್ ಆದ ಜಂಟಿ ಯೋಜನೆಯಿಂದ ಹೊರಬಂದು ಒಬ್ಬಂಟಿಯಾಗಿ ರಫೇಲ್ ಕಟ್ಟಿತು. ಮುಂದಿನ ವರ್ಷವೇ ಹಾರಿದ ಮೊದಲ ರಫೇಲ್‌ನಲ್ಲಿದ್ದದ್ದು ಅಮೆರಿಕದ ಎಫ್-404 ಎಂಜಿನ್ನುಗಳು. ಹೌದು, ನಮ್ಮ ತೇಜಸ್ ಇಂದಿಗೂ ನೆಚ್ಚಿಕೊಂಡಿರುವ ಅದೇ ಎಂಜಿನ್ ಕುಟುಂಬ. ಹಿಂದಿನಿಂದ ಫ್ರೆಂಚ್ ಕಂಪನಿಯ ಎಂ-88 ಸಿದ್ಧವಾಗುತ್ತಿತ್ತು. 1990ರಲ್ಲಿ ಎರಡು ಎಂಜಿನ್ನುಗಳ ಪೈಕಿ ಒಂದನ್ನು ಮಾತ್ರ ತೆಗೆದು ಆ ಜಾಗದಲ್ಲಿ ಎಂ-88 ಕೂರಿಸಿ ಹಾರಿಸಿದರು. ಒಂದು ಕೈಕೊಟ್ಟರೆ ಇನ್ನೊಂದು ಮನೆಗೆ ತಲುಪಿಸುತ್ತದೆ ಎಂಬ ಲೆಕ್ಕ. ಬ್ರಿಟನ್, ಜರ್ಮನಿಗಳ ಯೂರೋಫೈಟರ್ ಕೂಡ ಮೊದಲು ಹಾರಿದ್ದು ಹಳೆಯ ಟೊರ್ನಾಡೊ ವಿಮಾನದ ಎಂಜಿನ್ನಿನ ಬಲದಿಂದ. ಎರವಲು ಎಂಜಿನ್ ಯಾರಿಗೂ ನಾಚಿಕೆಯ ವಿಷಯವಾಗಿರಲಿಲ್ಲ. ಎರವಲಿನ ಅವಧಿಯಲ್ಲಿ ಏನು ಮಾಡಿದರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿತ್ತು.

ಬ್ರಿಟನ್, ಇಟಲಿ ಮತ್ತು ಜಪಾನ್ 2022ರ ಡಿಸೆಂಬರಿನಲ್ಲಿ ಕೈಜೋಡಿಸಿದ್ದು ಬೇರೆಯದೇ ಬಗೆಯ ಕೂಟ. ಮೂರೂ ದೇಶಗಳು ಎಫ್-35 ಹಾರಿಸುತ್ತಿವೆ. ಆ ವಿಮಾನದ ತಂತ್ರಾಂಶವನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯ ತಮಗಿಲ್ಲ ಎಂಬುದನ್ನು ಬಳಸಿ ಬಲ್ಲವರು. ಜಪಾನಿಗಂತೂ ಈ ಪಾಠ ಹಳೆಯದು. 1980ರ ದಶಕದಲ್ಲಿ ಅದು ಸ್ವಂತ ವಿಮಾನ ಕಟ್ಟಹೊರಟಾಗ ಅಮೆರಿಕದ ಒತ್ತಡದಿಂದ ಎಫ್-16ರ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಎಫ್-2 ಮಾಡಬೇಕಾಯಿತು. ಹಾರಾಟ ನಿಯಂತ್ರಣದ ಮೂಲ ತಂತ್ರಾಂಶವನ್ನು ಅಮೆರಿಕ ಕೊಡಲಿಲ್ಲ, ಜಪಾನಿನ ಎಂಜಿನಿಯರುಗಳು ತಾವೇ ಬರೆದುಕೊಂಡರು. ಮುಂದೆ ಎಫ್-22 ಕೇಳಿದಾಗ ಅಮೆರಿಕದ ಕಾನೂನೇ ಅಡ್ಡ ಬಂತು. ಎರಡನೇ ಮಹಾಯುದ್ಧದ ನಂತರ ಶಸ್ತ್ರ ರಫ್ತನ್ನು ಬಹುಪಾಲು ತಡೆದಿಟ್ಟಿದ್ದ ಜಪಾನ್, ಈ ಜಂಟಿ ವಿಮಾನವನ್ನು ಬೇರೆ ದೇಶಗಳಿಗೆ ಮಾರಲು 2024ರ ಮಾರ್ಚ್‌ನಲ್ಲಿ ತನ್ನ ನಿಯಮವನ್ನೇ ಸಡಿಲಿಸಿತು. ಎಫ್-2 ನಿವೃತ್ತಿಯಾಗತೊಡಗುವ 2035ರ ಹೊತ್ತಿಗೆ ಹೊಸ ವಿಮಾನ ಬರಬೇಕೆಂಬುದು ಗುರಿ. ಬ್ರಿಟನ್ನಿಗೆ ಇನ್ನೊಂದು ಭಯವಿದೆ. ಯೂರೋಫೈಟರ್ ವಿನ್ಯಾಸ ಮಾಡಿದವರೆಲ್ಲ ನಿವೃತ್ತರಾದ ಮೇಲೆ ಯುದ್ಧವಿಮಾನವನ್ನು ಮೊದಲಿನಿಂದ ಕೊನೆಯವರೆಗೆ ರೂಪಿಸಬಲ್ಲವರು ದೇಶದಲ್ಲೇ ಇಲ್ಲವಾಗುತ್ತಾರೆಂಬ ಭಯ. ಆ ಭಯ ಅತ್ಯಂತ ವಿವೇಕದ್ದು. ನಮಗೂ ಅದು ಸಕಾಲದಲ್ಲಿ ಹುಟ್ಟಬೇಕಿತ್ತು.

ದಕ್ಷಿಣ ಕೊರಿಯಾ ನಮಗೆ ಹತ್ತಿರದ ಉದಾಹರಣೆ. ಅದು ಎಫ್-35 ಕೊಳ್ಳುವಾಗ ಪ್ರತಿಯಾಗಿ ಕೆಲವು ತಂತ್ರಜ್ಞಾನ ಕೇಳಿತು. ಆಧುನಿಕ ರಡಾರ್ ಸೇರಿದಂತೆ ನಾಲ್ಕು ಮುಖ್ಯ ತಂತ್ರಜ್ಞಾನಗಳನ್ನು ಕೊಡುವುದಿಲ್ಲವೆಂದು ಅಮೆರಿಕ 2015ರಲ್ಲಿ ಖಡಾಖಂಡಿತವಾಗಿ ಹೇಳಿತು. ಕೊರಿಯಾ ರಡಾರನ್ನು ತಾನೇ ಮಾಡಿಕೊಂಡಿತು. ಏಳು ವರ್ಷಗಳಲ್ಲಿ, 2022ರ ಜುಲೈ 19ರಂದು, ಅದರ ಸ್ವಂತ ಯುದ್ಧವಿಮಾನ ಕೆಎಫ್-21 ಹಾರಿತು. ಅದು ಪೂರ್ಣ ಸ್ಟೆಲ್ತ್ ವಿಮಾನವಲ್ಲ, ಮೊದಲ ಆವೃತ್ತಿಯಲ್ಲಿ ಕ್ಷಿಪಣಿಗಳು ಹೊರಗೇ ನೇತಾಡುತ್ತವೆ. ಕೊರಿಯಾದವರು ಎಲ್ಲವನ್ನೂ ಒಂದೇ ಸಲಕ್ಕೆ ಬಯಸಲಿಲ್ಲ. ಇವತ್ತು ಮಾಡಬಹುದಾದದ್ದನ್ನು ಮಾಡಿ ಹಾರಿಸಿ, ಉಳಿದದ್ದನ್ನು ಮುಂದಿನ ಆವೃತ್ತಿಗೆ ಬಿಟ್ಟರು. ಎಂಜಿನ್ ಮಾತ್ರ ಅಮೆರಿಕದ ಎಫ್-414.

ತುರ್ಕಿಯದು ಎಚ್ಚರಿಕೆಯ ಕಥೆ. ಎಫ್-35 ಯೋಜನೆಯಲ್ಲಿ ಅದು ಪಾಲುದಾರನಾಗಿತ್ತು. ದುಡ್ಡು ಕೊಟ್ಟಿತ್ತು, ನೂರಾರು ಬಿಡಿಭಾಗ ತಯಾರಿಸಿ ಕೊಡುತ್ತಿತ್ತು. ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ತಂದುಕೊಂಡಿದ್ದಕ್ಕೆ 2019ರಲ್ಲಿ ಅದನ್ನು ಹೊರಹಾಕಿದರು. 2024ರ ಫೆಬ್ರುವರಿ 21ರಂದು ತುರ್ಕಿ ತನ್ನ ಕಾನ್ ವಿಮಾನ ಹಾರಿಸಿತು, ಅದರ ಎಂಜಿನ್ ಕೂಡ ಅಮೆರಿಕದ್ದೇ. ಅದೇ ಎಸ್-400 ನಮ್ಮಲ್ಲೂ ಇದೆ. 2025ರ ಫೆಬ್ರುವರಿಯಲ್ಲಿ, ಯಲಹಂಕದ ಪ್ರದರ್ಶನ ನಡೆಯುತ್ತಿದ್ದ ವಾರದಲ್ಲೇ, ಭಾರತಕ್ಕೆ ಎಫ್-35 ಕೊಡುವ ದಾರಿ ತೆರೆಯುತ್ತೇವೆಂದು ಅಧ್ಯಕ್ಷ ಟ್ರಂಪ್ ಹೇಳಿದಾಗ ಹಿಗ್ಗಿದವರು ತುರ್ಕಿಯನ್ನು ನೆನೆಯಬೇಕಿತ್ತು.

ಇಷ್ಟೆಲ್ಲ ದೇಶಗಳಲ್ಲಿ ಮತ್ತೆ ಮತ್ತೆ ಎಂಜಿನ್ನೇ ಕಗ್ಗಂಟಾಗುವುದೇಕೆ? ಜೆಟ್ ಎಂಜಿನ್ನಿನಲ್ಲಿ ದಹನಕೋಣೆಯಿಂದ ಹೊರಬರುವ ಅನಿಲ ನೇರವಾಗಿ ಟರ್ಬೈನ್ ಅಲಗುಗಳಿಗೆ ಬಡಿಯುತ್ತದೆ. ಆ ಅನಿಲದ ಬಿಸಿ ಅಲಗಿನ ಲೋಹ ಕರಗುವ ಉಷ್ಣಾಂಶಕ್ಕಿಂತ ಹೆಚ್ಚು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಲೇ ಆ ಅಲಗು ಕರಗದೆ, ಹಿಗ್ಗದೆ, ಬಿರುಕು ಬಿಡದೆ ಉಳಿಯಬೇಕು. ಉರಿಯುವ ಒಲೆಯೊಳಗೆ ಬೆಣ್ಣೆಯ ಮುದ್ದೆಯನ್ನು ಆಕಾರ ಕೆಡದಂತೆ ಕಾಯುವ ಕೆಲಸವಿದು. ಅದಕ್ಕಾಗಿ ನಿಕಲ್ ಮಿಶ್ರಲೋಹದ ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸುತ್ತಾರೆ, ಒಳಗೆ ಕೂದಲೆಳೆಯಂಥ ದಾರಿಗಳನ್ನು ಕೊರೆದು ತಂಪುಗಾಳಿ ಹರಿಸುತ್ತಾರೆ, ಮೇಲೆ ಸೆರಾಮಿಕ್ ಲೇಪ ಹಚ್ಚುತ್ತಾರೆ. ತಂತ್ರಾಂಶವನ್ನು ಛಲ ತೊಟ್ಟ ಒಂದು ತಂಡ ಕೋಣೆಯೊಂದರಲ್ಲಿ ಕುಳಿತು ಬರೆದುಬಿಡಬಹುದು. ಲೋಹ ಹಾಗಲ್ಲ. ಎರಕ ಹೊಯ್ದು, ಉರಿಸಿ, ಒಡೆದು, ಏಕೆ ಒಡೆಯಿತೆಂದು ನೋಡಿ, ಮತ್ತೆ ಹೊಯ್ಯಬೇಕು. ಈ ಚಕ್ರವನ್ನು ದುಡ್ಡು ಸುರಿದು ಸ್ವಲ್ಪ ವೇಗಗೊಳಿಸಬಹುದೇ ಹೊರತು ಹಾರಿ ದಾಟಲಾಗುವುದಿಲ್ಲ. ಯಾವ ದೇಶವೂ ಈ ವಿದ್ಯೆಯನ್ನು ಪೂರ್ತಿಯಾಗಿ ಇನ್ನೊಬ್ಬರಿಗೆ ಧಾರೆ ಎರೆದು ಕೊಟ್ಟಿಲ್ಲ.

ಬೆಂಗಳೂರಿಗೆ ಈ ನೋವು ಅರವತ್ತು ವರ್ಷಗಳಿಂದ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ವಿಮಾನಗಳನ್ನು ರೂಪಿಸಿದ್ದ ಕರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದರು. ಅವರ ಮಾರ್ಗದರ್ಶನದಲ್ಲಿ ಎಚ್‌ಎಎಲ್ ಎಂಜಿನಿಯರುಗಳು ಕಟ್ಟಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ಸೊಗಸಾದ, ತೆಳ್ಳನೆಯ ವಿಮಾನ. ಶಬ್ದದ ವೇಗವನ್ನು ಬಹು ದೂರ ಮೀರಿ ಹೋಗಲೆಂದೇ ಅದರ ಮೈಯನ್ನು ರೂಪಿಸಿದ್ದರು. ಅದಕ್ಕಾಗಿ ಎಣಿಸಿದ್ದ ಬಲಶಾಲಿ ಓರ್ಫಿಯಸ್ ಎಂಜಿನ್ನನ್ನು ಬ್ರಿಟನ್ ಅರ್ಧಕ್ಕೇ ಕೈಬಿಟ್ಟಿತು. ಅದನ್ನು ಮುಂದುವರಿಸಲು ಬೇಕಾದ ಹಣ ಹಾಕಲು ಭಾರತವೂ ಒಪ್ಪಲಿಲ್ಲ. ಕಡಿಮೆ ಬಲದ ಎಂಜಿನ್ ಹೊತ್ತ ಮಾರುತ್ ಶಬ್ದದ ವೇಗ ಮುಟ್ಟಲೂ ಏದುಸಿರು ಬಿಟ್ಟಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನೊಂದನ್ನು ಕೂರಿಸಿ ನೋಡಲು ಒಂದು ಮಾರುತ್ ಅಲ್ಲಿಗೂ ಹೋಗಿತ್ತು, ಫಲ ಕೊಡಲಿಲ್ಲ. 147 ವಿಮಾನಗಳ ನಂತರ ತಯಾರಿಕೆ ನಿಂತಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಈ ವಿಮಾನಗಳು ಶತ್ರುಪಡೆಯ ಮೇಲೆರಗಿ ಚೆನ್ನಾಗಿಯೇ ಕಾದಾಡಿದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದವರು ಅಲ್ಲಿಟ್ಟಿರುವ ಮಾರುತ್ ನೋಡಿರುತ್ತಾರೆ.

ಮಾರುತ್ ನಂತರ ಇನ್ನೊಂದು ವಿಮಾನದ ಕೆಲಸವನ್ನು ಕೂಡಲೇ ಆರಂಭಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಮುಂದೆ ತೇಜಸ್ ಆದ ಲಘು ಯುದ್ಧವಿಮಾನ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಮಾರುತ್ ತಂಡ ಚದುರಿತ್ತು, ಕಲಿತದ್ದನ್ನು ಕಿರಿಯರಿಗೆ ಕೈದಾಟಿಸುವ ಅವಕಾಶ ಕಳೆದುಹೋಗಿತ್ತು. ಅದೇ ಕಾಲದಲ್ಲಿ ಡಸಾಲ್ಟ್ ಒಂದು ಮಿರಾಜ್ ಮುಗಿಸಿ ಇನ್ನೊಂದಕ್ಕೆ, ಅದನ್ನು ಮುಗಿಸಿ ರಫೇಲ್‌ಗೆ ಕೈಹಾಕುತ್ತ ಬಂದಿತ್ತು. ತೇಜಸ್ ತಡವಾಯಿತೆಂದು ದೂರುವವರು ಈ ಖಾಲಿ ವರ್ಷಗಳ ಲೆಕ್ಕ ಹಿಡಿಯುವುದೇ ಇಲ್ಲ.

ತಂತ್ರಾಂಶದಲ್ಲಿ ನಾವು ಸೋಲಲಿಲ್ಲ. 1998ರ ಪೋಖ್ರಾನ್ ಪರೀಕ್ಷೆಯ ಬೆನ್ನಿಗೆ ಅಮೆರಿಕ ದಿಗ್ಬಂಧನ ಹೇರಿ, ಅಲ್ಲಿ ಹಾರಾಟ ನಿಯಂತ್ರಣ ವ್ಯವಸ್ಥೆಯ ಕೆಲಸದಲ್ಲಿದ್ದ ನಮ್ಮ ತಂಡವನ್ನು ವಾಪಸ್ ಕಳಿಸಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಆ ಲಘು ಯುದ್ಧವಿಮಾನವನ್ನು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರಿಸಿ 18 ನಿಮಿಷ ಹಾರಿಸಿ ಇಳಿಸಿದರು. ಜಪಾನ್, ಕೊರಿಯಾಗಳು ಇಲ್ಲವೆನಿಸಿಕೊಂಡಾಗ ಮಾಡಿದ್ದನ್ನೇ ನಮ್ಮವರೂ ಮಾಡಿದರು. ಎಂಜಿನ್ನಿನಲ್ಲಿ ಹಾಗಾಗಲಿಲ್ಲ. ಕಾವೇರಿ ಎಂಜಿನ್ನಿಗೆ 1989ರಲ್ಲಿ ಮಂಜೂರಾದದ್ದು ಸುಮಾರು 383 ಕೋಟಿ ರೂಪಾಯಿ. ಅದರ ಒಳತಿರುಳಾದ ಯಂತ್ರಕ್ಕೆ ಕಬಿನಿ ಎಂದು ಹೆಸರಿಟ್ಟರು. ನಮ್ಮದೇ ಎರಡು ನದಿಗಳು. ತೂಕ ಹೆಚ್ಚಾಯಿತು, ನೂಕುಬಲ ಸಾಲದಾಯಿತು, 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಿದರು. ನನ್ನನ್ನು ಇಂದಿಗೂ ಕಾಡುವುದು ಬೇರೆ ಸಂಗತಿ. 2010ರಲ್ಲಿ ಕಾವೇರಿಯನ್ನು ಆಕಾಶದಲ್ಲಿ ಪರೀಕ್ಷಿಸಬೇಕಾದಾಗ ಅದನ್ನು ರಷ್ಯಾಕ್ಕೆ ಸಾಗಿಸಿ, ಅವರ ಇಲ್ಯುಶಿನ್-76 ವಿಮಾನದ ರೆಕ್ಕೆಗೆ ಕಟ್ಟಿ ಹಾರಿಸಬೇಕಾಯಿತು. ಎಂಜಿನ್ನನ್ನು ಹೊತ್ತು ಹಾರಿ ಪರೀಕ್ಷಿಸುವ ಒಂದು ವಿಮಾನವೂ ನಮ್ಮಲ್ಲಿರಲಿಲ್ಲ. ಬೇರೆಯವರ ಸರತಿಯಲ್ಲಿ ನಿಂತು, ಬೇರೆಯವರು ಕೊಟ್ಟ ದಿನಾಂಕಕ್ಕೆ ಎಂಜಿನ್ ಪರೀಕ್ಷಿಸುವ ದೇಶ ಆ ಒಡೆದು ನೋಡುವ ಚಕ್ರವನ್ನು ಎಷ್ಟು ಸಲ ತಾನೇ ಸುತ್ತಬಲ್ಲದು?

ಇದರ ಬೆಲೆಯನ್ನು ಈಗ ತೆರುತ್ತಿದ್ದೇವೆ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. ಅವುಗಳಿಗಾಗಿ ಅಮೆರಿಕಕ್ಕೆ ಕೊಟ್ಟ 99 ಎಂಜಿನ್ನುಗಳ ಬೇಡಿಕೆಯಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ ವರ್ಷದ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿದಾಯ ಹೇಳಿತು. ಇರಬೇಕಾದ 42 ಸ್ಕ್ವಾಡ್ರನ್‌ಗಳ ಜಾಗದಲ್ಲಿ 29 ಉಳಿದವು.

ಎಎಂಸಿಎಗೆ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿ ಮಂಜೂರಾಗಿದೆ. 25 ಟನ್ ತೂಕ, ಎರಡು ಎಂಜಿನ್. ಖಾಸಗಿ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ಸಮಾನವಾಗಿ ಸ್ಪರ್ಧಿಸಬಹುದೆಂದು 2025ರ ಮೇ ತಿಂಗಳಲ್ಲಿ ಸರ್ಕಾರ ತೀರ್ಮಾನಿಸಿತು. ಇದು ಒಳ್ಳೆಯ ಹೆಜ್ಜೆ. ಮೊದಲ ವಿಮಾನಗಳಿಗೆ ಅಮೆರಿಕದ ಎಫ್-414 ಎಂಜಿನ್, ಆಮೇಲೆ 120 ಕಿಲೋನ್ಯೂಟನ್ ನೂಕುಬಲದ ಹೊಸ ಎಂಜಿನ್. ಅದನ್ನು ಫ್ರಾನ್ಸಿನ ಸಫ್ರಾನ್ ಜೊತೆ ಭಾರತದಲ್ಲೇ ಅಭಿವೃದ್ಧಿಪಡಿಸುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಹೇಳಿದರು. ಆರನೇ ತಲೆಮಾರಿನ ಬೀಜಗಳೂ ಇಲ್ಲಿವೆ. ಬಾಲವಿಲ್ಲದ ಪೈಲಟ್‌ರಹಿತ ವಿಮಾನವೊಂದನ್ನು ಡಿಆರ್‌ಡಿಒ 2022ರ ಜುಲೈ 1ರಂದು ಚಿತ್ರದುರ್ಗದ ಪರೀಕ್ಷಾ ನೆಲೆಯಲ್ಲಿ ಹಾರಿಸಿದೆ.

ಆದ್ದರಿಂದ ನನ್ನ ತೀರ್ಪು ಇಷ್ಟು. ಎಎಂಸಿಎ ಎರವಲು ಎಂಜಿನ್ನಿನಿಂದ ಹಾರಲಿ, ತಪ್ಪಿಲ್ಲ. ಆದರೆ ಹೊಸ ಎಂಜಿನ್ನಿನ ಹಣ ಎಎಂಸಿಎಯ ಹಣದೊಳಗಿನ ಒಂದು ಸಾಲಾಗಬಾರದು. ಅದಕ್ಕೆ ಪ್ರತ್ಯೇಕ ಸಂಸ್ಥೆ, ಪ್ರತ್ಯೇಕ ಬಜೆಟ್, ನಮ್ಮದೇ ಆದ ಹಾರುವ ಪರೀಕ್ಷಾ ವಿಮಾನ, ಎತ್ತರದ ವಾತಾವರಣವನ್ನು ನೆಲದ ಮೇಲೆ ಸೃಷ್ಟಿಸುವ ಪರೀಕ್ಷಾಗಾರ ಇರಬೇಕು. ವಿಮಾನ ತಡವಾದರೂ, ರದ್ದಾದರೂ ಎಂಜಿನ್ ತಂಡ ಒಂದು ದಿನವೂ ಕೈಕಟ್ಟಿ ಕೂರುವಂತಾಗಬಾರದು. ಒಂದು ಎಂಜಿನ್ ಮುಗಿಯುವ ಮೊದಲೇ ಇನ್ನೊಂದರ ಕೆಲಸ ಅವರ ಮೇಜಿನ ಮೇಲಿರಬೇಕು. ಎಎಂಸಿಎ ಮೊದಲ ಸಲ ಹಾರಿದ ದಿನ ಪತ್ರಿಕೆಗಳ ಮುಖಪುಟದಲ್ಲಿ ಅದರ ವೇಗ, ಎತ್ತರ, ಕ್ಷಿಪಣಿಗಳ ವಿವರ ತುಂಬಿರುತ್ತದೆ. ಓದುಗರು ಅಂದು ತಮ್ಮ ಸಂಸದರಿಗೆ ಒಂದೇ ಪ್ರಶ್ನೆ ಕೇಳಬೇಕು: ನಮ್ಮ ಎಂಜಿನ್ ಈ ವರ್ಷ ಎಷ್ಟು ಗಂಟೆ ಉರಿಯಿತು?